ಹಸಿರು ಪರದೆ, ಕೆಂಪು ಗೆರೆ: ಬೆಳಗಾವಿಯಲ್ಲಿ ಒಂದು ಡಿಬಿ ಸ್ಪೆಕ್ಟ್ರಮ್ ರಿಪೇರಿ

ಹಳೇ ಸ್ಪೆಕ್ಟ್ರಮ್, ಅಂದರೆ ಟಿವಿಗೆ ಜೋಡಿಸಿ ಬಳಸುವ 1980ರ ದಶಕದ ಮನೆ ಕಂಪ್ಯೂಟರ್, ಎಲ್ಲಾದರೂ ಸಿಕ್ಕಿದರೆ ಕರೆಂಟ್ ಕೊಡುವ ಮೊದಲು ಅಡಾಪ್ಟರ್ ನೋಡಿ. ಈಗ ಮನೆಗಳಲ್ಲಿರುವ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ಪಿನ್ನಿನ ಒಳಭಾಗ ಪ್ಲಸ್, ಹೊರಭಾಗ ಮೈನಸ್. ಸ್ಪೆಕ್ಟ್ರಮ್‌ಗೆ ಇದು ಪೂರ್ತಿ ಉಲ್ಟಾ. ಒಳಗೆ ಮೈನಸ್, ಹೊರಗೆ ಪ್ಲಸ್. 9 ವೋಲ್ಟ್, ಸುಮಾರು 1.4 ಆಂಪ್. ರೂಟರ್ ಅಡಾಪ್ಟರ್‌ನ ಪಿನ್ ಅದರಲ್ಲಿ ಚೆನ್ನಾಗಿ ಕೂರುತ್ತದೆ, ಅಪಾಯ ಇರುವುದೇ ಅಲ್ಲಿ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಕೆಳಗೆ ಬರೆದಿರುವ ರಿಪೇರಿಯೆಲ್ಲ ಬಹುಶಃ ಹಿಂದೆ ಯಾವಾಗಲೋ ಯಾರೋ ಚುಚ್ಚಿದ ಅಂಥದ್ದೇ ಒಂದು ಪಿನ್ನಿನಿಂದ ಬಂದದ್ದು.

ಯಂತ್ರ ನನ್ನ ಸೋದರಮಾವನದು. ಅವರು ಆಗ ಪುಣೆಯಲ್ಲಿ ಕೆಲಸದಲ್ಲಿದ್ದರು. ಬ್ರಿಟನ್ನಿನ ಸಿಂಕ್ಲೇರ್ ಕಂಪನಿ 1982ರಲ್ಲಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ಬಿಟ್ಟಿತು. 1984ರಲ್ಲಿ ಅದರ ರಬ್ಬರ್ ಕೀಲಿ ತೆಗೆದು, ಗಟ್ಟಿ ಪ್ಲಾಸ್ಟಿಕ್ ಕೀಲಿಗಳ ಹೊಸ ಕವಚ ಹಾಕಿ, ಪಕ್ಕದಲ್ಲಿ ಒಂದು ರೀಸೆಟ್ ಬಟನ್ ಕೊಟ್ಟು ಸ್ಪೆಕ್ಟ್ರಮ್ ಪ್ಲಸ್ ಅಂತ ಮಾರಿತು. ಈ ಪ್ಲಸ್ ಅನ್ನು 1980ರ ದಶಕದ ಕೊನೆಗೆ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಅನ್ನುವವರು ಲೈಸೆನ್ಸ್ ಪಡೆದು ನಮ್ಮ ದೇಶದಲ್ಲಿ ಡಿಬಿ ಸ್ಪೆಕ್ಟ್ರಮ್ ಪ್ಲಸ್ ಹೆಸರಲ್ಲಿ ಮಾರಿದರು. ಮಾವ ಅದನ್ನೇ ಕೊಂಡಿದ್ದರು, ರಜೆಗೆ ಬೆಳಗಾವಿಗೆ ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದರು. ಆಮೇಲೆ ಅದು ಶಹಾಪುರದ ಹಳೇ ಮನೆಯ ಅಟ್ಟ ಸೇರಿತು. ಮನೆ ಖಾಲಿ ಮಾಡುವಾಗ ನನಗೆ ಸಿಕ್ಕಿತು, ಜೊತೆಗೆ ಒಂದು ಚೀಲ ಕ್ಯಾಸೆಟ್, ಒಂದು ಮೋನೋ ಟೇಪ್ ರೆಕಾರ್ಡರ್.

ಎಮ್ಯುಲೇಟರ್‌ನಲ್ಲಿ (ಹಳೇ ಯಂತ್ರವನ್ನು ಈಗಿನ ಕಂಪ್ಯೂಟರ್ ಮೇಲೆ ಅನುಕರಿಸುವ ಪ್ರೋಗ್ರಾಂ) ಆ ಕ್ಯಾಸೆಟ್‌ಗಳಲ್ಲಿದ್ದ ಆಟಗಳನ್ನು ಯಾರು ಬೇಕಾದರೂ ಆಡಬಹುದು, ನಾನೂ ಆಡಿದ್ದೇನೆ. ಆದರೂ ಯಂತ್ರವನ್ನೇ ರಿಪೇರಿ ಮಾಡಬೇಕು ಅಂತ ಹಟ ಹಿಡಿದದ್ದಕ್ಕೆ ಕಾರಣ ಇದೆ. ಆ ಆಟಗಳು ಯಾಕೆ ಹಾಗೆ ಕಾಣುತ್ತಿದ್ದವು, ಯಾಕೆ ಹಾಗೆ ಆಡಿಸುತ್ತಿದ್ದವು ಅನ್ನುವುದು ಆ ಬೋರ್ಡಿನ ಮೇಲೆಯೇ ಬರೆದಿದೆ. ಕೆಟ್ಟ ಯಂತ್ರವನ್ನು ಬಿಚ್ಚಿ ಕೂತರೆ ಅದು ಇನ್ನೂ ಚೆನ್ನಾಗಿ ಕಾಣುತ್ತದೆ. ಅದನ್ನು ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಸರಿ, ಬಿಚ್ಚೋಣ. ಕೆಳಗಿನ ಸ್ಕ್ರೂಗಳನ್ನು ತೆಗೆದ ಮೇಲೆ ಮೇಲಿನ ಕವಚವನ್ನು ಒಮ್ಮೆಲೇ ಎಳೆಯಬೇಡಿ. ಕೀಬೋರ್ಡಿನಿಂದ ಎರಡು ತೆಳು ಪ್ಲಾಸ್ಟಿಕ್ ರಿಬ್ಬನ್‌ಗಳು ಬೋರ್ಡಿಗೆ ಬಂದಿರುತ್ತವೆ, ಒಂದರಲ್ಲಿ 5 ಗೆರೆ, ಇನ್ನೊಂದರಲ್ಲಿ 8. ಇಷ್ಟು ವರ್ಷಕ್ಕೆ ಅವು ಒಣಗಿ ಹಪ್ಪಳದ ಹಾಗಾಗಿರುತ್ತವೆ, ಮುಟ್ಟಿದರೆ ಮುರಿಯುತ್ತವೆ. ನನ್ನದರಲ್ಲಿ 8 ಗೆರೆಯ ರಿಬ್ಬನ್ ಆಗಲೇ ಒಂದು ಕಡೆ ಸೀಳಿತ್ತು. ಅದರ ಕತೆ ಆಮೇಲೆ. ಒಳಗೆ ಬೆಳಗಾವಿ ಮಳೆಗಾಲದ ಗುರುತು ಎಲ್ಲ ಕಡೆ ಇತ್ತು. ಹಿಂದಿನ ಎಡ್ಜ್ ಕನೆಕ್ಟರ್ ಮೇಲೆ ಹಸಿರು ಕಿಲುಬು, ಸಾಕೆಟ್‌ಗಳಲ್ಲಿ ತುಕ್ಕು. ಐಸೋಪ್ರೊಪೈಲ್ ಆಲ್ಕೋಹಾಲ್, ಹಳೇ ಹಲ್ಲುಜ್ಜುವ ಬ್ರಷ್, ತಾಳ್ಮೆ. ಕಿಲುಬು ಹೋದ ಮೇಲೆ ಟ್ರ್ಯಾಕ್‌ಗಳೆಲ್ಲ ಗಟ್ಟಿಯಾಗಿಯೇ ಇದ್ದವು. ಬೋರ್ಡಿನ ಆವೃತ್ತಿ ಇಶ್ಯೂ 6ಎ.

ಬೋರ್ಡ್ ಮೇಲೆ ಏನಿದೆ ಅಂತ ಒಮ್ಮೆ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಝಡ್80ಎ ಪ್ರೊಸೆಸರ್, 3.5 ಮೆಗಾಹರ್ಟ್ಸ್. 16ಕೆ (ಕಿಲೋಬೈಟ್) ರೋಮ್, ಅಂದರೆ ಅಳಿಯದ ಮೆಮೊರಿ, ಅದರಲ್ಲಿ ಬೇಸಿಕ್ ಭಾಷೆ. ಫೆರಾಂಟಿ ಕಂಪನಿ ಮಾಡಿದ ಯುಎಲ್ಎ ಅನ್ನುವ ಒಂದು ಚಿಪ್. ಚಿತ್ರ ಬಿಡಿಸುವುದು, ಕೀಬೋರ್ಡ್ ಓದುವುದು, ಟೇಪ್ ಕೇಳುವುದು, ಬೀಪ್ ಮಾಡುವುದು ಎಲ್ಲ ಅದರ ಕೆಲಸ. ಆಮೇಲೆ ರ‍್ಯಾಮ್ (ಕೆಲಸದ ಮೆಮೊರಿ) ಎರಡು ಸಾಲು. ಕೆಳಗಿನ 16ಕೆಗೆ ಎಂಟು 4116 ಚಿಪ್‌ಗಳು, ಐಸಿ6ರಿಂದ ಐಸಿ13. ಮೇಲಿನ 32ಕೆಗೆ ಇನ್ನೂ ಎಂಟು, ಐಸಿ15ರಿಂದ ಐಸಿ22. ಒಂದು ಬೈಟ್‌ನಲ್ಲಿ ಎಂಟು ಬಿಟ್ ಇರುತ್ತವಲ್ಲ, ಒಂದೊಂದು ಬಿಟ್ ಒಂದೊಂದು ಚಿಪ್‌ನಲ್ಲಿ ಕೂರುತ್ತದೆ. ಬಿಟ್ 0 ಐಸಿ6ರಲ್ಲಿ, ಬಿಟ್ 7 ಐಸಿ13ರಲ್ಲಿ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಪರದೆ ಇರುವುದು ಕೆಳಗಿನ 16ಕೆಯಲ್ಲಿ, 16384ನೇ ವಿಳಾಸದಿಂದ ಶುರು. ಅಡ್ಡಕ್ಕೆ 256 ಚುಕ್ಕೆ, ಉದ್ದಕ್ಕೆ 192. ಒಂದು ಚುಕ್ಕೆಗೆ ಒಂದು ಬಿಟ್, ಅಂದರೆ 6,144 ಬೈಟ್. ಬಣ್ಣಕ್ಕೆ ಬೇರೆ 768 ಬೈಟ್. 8 ಚುಕ್ಕೆ ಅಗಲ 8 ಚುಕ್ಕೆ ಎತ್ತರದ ಒಂದೊಂದು ಕೋಶಕ್ಕೆ ಒಂದೇ ಬಣ್ಣದ ಬೈಟ್. ಅದರಲ್ಲಿ 3 ಬಿಟ್ ಶಾಯಿಗೆ (ಆನ್ ಆದ ಚುಕ್ಕೆಯ ಬಣ್ಣ), 3 ಬಿಟ್ ಕಾಗದಕ್ಕೆ (ಹಿನ್ನೆಲೆಯ ಬಣ್ಣ), ಒಂದು ಹೊಳಪಿಗೆ, ಒಂದು ಮಿಣುಕುವುದಕ್ಕೆ. ಒಟ್ಟು 6,912 ಬೈಟ್. ಈಗ ಫೋನಿನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಫೋಟೋ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ನಾವು ಬಾಯಿ ಬಿಟ್ಟುಕೊಂಡು ನೋಡಿದ ಕಾಡು, ಕೋಟೆ, ಗುಹೆ, ಆಕಾಶ ಎಲ್ಲ ಇಷ್ಟರಲ್ಲೇ ಇತ್ತು.

ಕರೆಂಟ್ ಕೆಲಸ ಮೊದಲು. ಮೂಲ ಅಡಾಪ್ಟರ್ ಇನ್ನೂ ಚೆನ್ನಾಗಿತ್ತು. ಲೋಡ್ ಇಲ್ಲದೆ ಅಳೆದರೆ 13ರ ಹತ್ತಿರ ತೋರಿಸುತ್ತದೆ, ಹೆದರಬೇಡಿ, ರೆಗ್ಯುಲೇಟರ್ ಇಲ್ಲದ ಅಡಾಪ್ಟರ್ ಹಾಗೇ. ಬೋರ್ಡ್ ಮೇಲಿನ 7805 ರೆಗ್ಯುಲೇಟರ್ ಸರಿಯಾಗಿ 5 ವೋಲ್ಟ್ ಕೊಡುತ್ತಿತ್ತು. ತೊಂದರೆ ಇದ್ದದ್ದು 4116 ಚಿಪ್‌ಗಳ ಹತ್ತಿರ. ಅವಕ್ಕೆ ಒಂದಲ್ಲ, ಮೂರು ವೋಲ್ಟೇಜ್ ಬೇಕು: ಪಿನ್ 9ರಲ್ಲಿ +5, ಪಿನ್ 8ರಲ್ಲಿ +12, ಪಿನ್ 1ರಲ್ಲಿ -5. ನನ್ನಲ್ಲಿ ಪಿನ್ 9 ಸರಿ ಇತ್ತು. ಪಿನ್ 8ರಲ್ಲಿ 12 ಇಲ್ಲ. ಪಿನ್ 1ರಲ್ಲಿ ಸೊನ್ನೆ.

ಈ 12 ಮತ್ತು -5 ಅನ್ನು ಬೋರ್ಡೇ ತಯಾರಿಸಿಕೊಳ್ಳುತ್ತದೆ. ಒಂದು ಚಿಕ್ಕ ಕಾಯಿಲ್, ಟಿಆರ್4, ಟಿಆರ್5 ಅನ್ನುವ ಎರಡು ಟ್ರಾನ್ಸಿಸ್ಟರ್. ಸ್ಪೆಕ್ಟ್ರಮ್ ಸತ್ತಿದೆ ಅಂತ ಯಾರಾದರೂ ಹೇಳಿದರೆ ಮೊದಲು ಇಲ್ಲೇ ನೋಡಬೇಕು. ಮಲ್ಟಿಮೀಟರ್ ಇಟ್ಟು ನೋಡಿದರೆ ಟಿಆರ್4 ಕಲೆಕ್ಟರ್‌ನಿಂದ ಎಮಿಟರ್‌ಗೆ ನೇರ ಶಾರ್ಟ್. ಅದು ಝಡ್‌ಟಿಎಕ್ಸ್650. ಖಡೇಬಜಾರ್ ಸುತ್ತಮುತ್ತಲ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗಲಿಲ್ಲ, ಆನ್‌ಲೈನ್‌ನಲ್ಲಿ ತರಿಸಿದೆ. ಜೊತೆಗೆ ಟಿಆರ್5 ಕೂಡ ಬದಲಿಸಿದೆ, ಒಂದು ಸತ್ತರೆ ಇನ್ನೊಂದು ನೋವು ತಿಂದಿರುತ್ತದೆ. ಕಾಯಿಲ್‌ನ ಎರಡೂ ಸುತ್ತು ಕಂಟಿನ್ಯುಟಿ ತೋರಿಸಿದವು, ಅದೊಂದು ಪುಣ್ಯ. ಹಳೇ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನೂ ಇದೇ ಸಮಯದಲ್ಲಿ ಬದಲಿಸಿದೆ. ಅವು ಇಲ್ಲಿಯೇ ಸಿಕ್ಕವು. ಹಾಕುವಾಗ ಪ್ಲಸ್ ಯಾವ ಕಡೆ ಅಂತ ಹಳೆಯದರ ಫೋಟೋ ತೆಗೆದಿಟ್ಟುಕೊಳ್ಳಿ. ಹೊಸ ಟ್ರಾನ್ಸಿಸ್ಟರ್ ಕೂರಿಸಿ ಅಳೆದರೆ ಪಿನ್ 8ರಲ್ಲಿ 12, ಪಿನ್ 1ರಲ್ಲಿ -5. ಇನ್ನು ಪರದೆ ನೋಡಬಹುದು.

ಟಿವಿಗೆ ಜೋಡಿಸುವ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೂಲದಲ್ಲಿ ಇದು ಆಂಟೆನಾ ವೈರಿನಲ್ಲಿ ಯುಎಚ್‌ಎಫ್ 36ನೇ ಚಾನೆಲ್‌ಗೆ ಚಿತ್ರ ಕಳಿಸುತ್ತದೆ. ಆ ಕೆಲಸ ಮಾಡುವ ಲೋಹದ ಮಾಡ್ಯುಲೇಟರ್ ಡಬ್ಬಿಗೆ ಎರಡು ವೈರ್ ಬರುತ್ತವೆ, ಒಂದು 5 ವೋಲ್ಟ್, ಒಂದು ವಿಡಿಯೋ. ಎರಡನ್ನೂ ಬಿಚ್ಚಿ, ಡಬ್ಬಿಯ ಒಳಗೆ ಸಾಕೆಟ್‌ನ ನಡು ಪಿನ್ನಿಗೆ ಹೋಗುವ ರೆಸಿಸ್ಟರ್‌ನ ಒಂದು ಕಾಲು ಎತ್ತಿ, ವಿಡಿಯೋ ವೈರನ್ನು 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಅದೇ ಪಿನ್ನಿಗೆ ಕೊಟ್ಟೆ. ಈಗ ಅದು ಕಾಂಪೊಸಿಟ್ ವಿಡಿಯೋ, ಹಳದಿ ಎವಿ ಸಾಕೆಟ್ ಇರುವ ಯಾವ ಟಿವಿಗಾದರೂ ಹೋಗುತ್ತದೆ. ಏನನ್ನೂ ಕತ್ತರಿಸಿಲ್ಲ, ಬೇಕಾದರೆ ಹಿಂದಕ್ಕೆ ತರಬಹುದು. ಟಿವಿ ಮಾತ್ರ ನಾನು ಹಳೇ 14 ಇಂಚಿನ ಪಿಕ್ಚರ್ ಟ್ಯೂಬ್‌ನದನ್ನೇ ಹುಡುಕಿ ತಂದೆ. ಚಪ್ಪಟೆ ಟಿವಿಯಲ್ಲಿ ಚುಕ್ಕೆಗಳು ಚೂರಿಯಿಂದ ಕೊಯ್ದ ಹಾಗೆ ಚೂಪಾಗಿ ಕಾಣುತ್ತವೆ, ನಾವು ನೋಡಿದ ಚಿತ್ರ ಅದಲ್ಲ. ಟ್ಯೂಬ್‌ನಲ್ಲಿ ಒಂದು ಚುಕ್ಕೆಯ ಬೆಳಕು ಪಕ್ಕದ ಚುಕ್ಕೆಗೆ ಸ್ವಲ್ಪ ಹರಿಯುತ್ತದೆ, ಚಿತ್ರ ಬಿಡಿಸಿದವರು ಅದನ್ನು ನೋಡಿಕೊಂಡೇ ಬಿಡಿಸಿದ್ದರು.

ಸ್ವಿಚ್ ಹಾಕಿದೆ. ಪರದೆ ಪೂರ್ತಿ ಹಸಿರು. ಅದರ ಮೇಲೆ ಮೇಲಿನಿಂದ ಕೆಳಗೆ ತೆಳುವಾದ ಕೆಂಪು ಗೆರೆಗಳು, ಸಮ ಅಂತರದಲ್ಲಿ. ಒಂದು ಕ್ಷಣ ನಿಂತು, ಅಲುಗಾಡಿ, ಮತ್ತೆ ಅದೇ.

ಆ ದಿನ ಪಕ್ಕದ ಮನೆಯ ಹುಡುಗಿ ಬಂದಿದ್ದಳು, ಇಲ್ಲೇ ಟಿಳಕವಾಡಿಯಿಂದ ಇಂಜಿನಿಯರಿಂಗ್ ಕಾಲೇಜಿಗೆ ಹೋಗುತ್ತಾಳೆ, ಎಲೆಕ್ಟ್ರಾನಿಕ್ಸ್. ಇಬ್ಬರೂ ಕೂತು ಆ ಗೆರೆ ಓದಿದೆವು. ಈ ರಿಪೇರಿಯಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಭಾಗ ಇದು, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಸ್ಪೆಕ್ಟ್ರಮ್ ಆನ್ ಆದ ತಕ್ಷಣ ರೋಮ್ ಮಾಡುವ ಮೊದಲ ಕೆಲಸಗಳಲ್ಲಿ ಒಂದು ರ‍್ಯಾಮ್ ಪರೀಕ್ಷೆ. ಎಲ್ಲ ರ‍್ಯಾಮ್‌ನಲ್ಲೂ 2 ಅನ್ನುವ ಅಂಕಿ ತುಂಬುತ್ತದೆ. ಆಮೇಲೆ ಒಂದೊಂದನ್ನೇ ಎರಡು ಸಲ ಕಡಿಮೆ ಮಾಡಿ ಸೊನ್ನೆ ಬಂತಾ ಅಂತ ನೋಡುತ್ತದೆ. ಪರದೆಯೂ ರ‍್ಯಾಮ್ ತಾನೇ, ಅಲ್ಲೂ 2 ತುಂಬುತ್ತದೆ. 2 ಅಂದರೆ ಬಿಟ್ 1 ಮಾತ್ರ ಆನ್. ಚುಕ್ಕೆಗಳ ಜಾಗದಲ್ಲಿ ಅದು ಪ್ರತಿ ಕೋಶದ ಎಡದಿಂದ ಏಳನೇ ಚುಕ್ಕೆ. ಬಣ್ಣದ ಜಾಗದಲ್ಲಿ 2 ಅಂದರೆ ಕೆಂಪು ಶಾಯಿ, ಕಪ್ಪು ಕಾಗದ. ಹಾಗಾಗಿ ಆರೋಗ್ಯವಾಗಿರುವ ಸ್ಪೆಕ್ಟ್ರಮ್ ಆನ್ ಆಗುವಾಗ ಕಪ್ಪು ಪರದೆ ಮೇಲೆ ಕೋಶಕ್ಕೊಂದು ತೆಳು ಕೆಂಪು ಗೆರೆ ಒಂದು ಗಳಿಗೆ ಬಂದು ಹೋಗುತ್ತದೆ. ಚಿಕ್ಕಂದಿನಲ್ಲಿ ಅದನ್ನು ಎಷ್ಟೋ ಸಲ ನೋಡಿದ್ದೆ, ಅದಕ್ಕೊಂದು ಅರ್ಥ ಇದೆ ಅಂತ ಗೊತ್ತಿರಲಿಲ್ಲ.

ನಮ್ಮ ಪರದೆಯಲ್ಲಿ ಕೋಶಕ್ಕೆ ಎರಡು ಗೆರೆ ಇದ್ದವು. ಏಳನೆಯದು ಸರಿಯಾದದ್ದು. ಇನ್ನೊಂದು ಎಡದಿಂದ ಮೂರನೆಯದು, ಅಂದರೆ ಬಿಟ್ 5. ಅದು ಎಲ್ಲಾ ಕಡೆ ಆನ್ ಆಗಿಯೇ ಇದೆ. ಬಣ್ಣದ ಬೈಟ್‌ನಲ್ಲಿ ಬಿಟ್ 5 ಏನು? ಕಾಗದದ ಹಸಿರು. ಅದಕ್ಕೇ ಕಪ್ಪಾಗಬೇಕಿದ್ದ ಕಾಗದ ಹಸಿರಾಗಿದೆ. ಚುಕ್ಕೆ ಹೇಳಿದ್ದನ್ನೇ ಬಣ್ಣವೂ ಹೇಳುತ್ತಿದೆ. ಅವಳು ನೋಟ್‌ಬುಕ್ಕಿನಲ್ಲಿ ಎಂಟು ಚೌಕ ಹಾಕಿ, ಎರಡನ್ನು ತುಂಬಿ, ಬೋರ್ಡ್ ಕಡೆ ಕೈ ಮಾಡಿ ಹೇಳಿದಳು: "ಅಂಕಲ್, ಐಸಿ6 ಬಿಟ್ 0 ಅಂದ್ರ, ಇದು ಐಸಿ11 ಐತ್ರಿ." ಅಷ್ಟೇ. ಸ್ಕೋಪ್ ಬೇಡ, ಲಾಜಿಕ್ ಅನಲೈಸರ್ ಬೇಡ. ಯಂತ್ರ ತನ್ನ ಕಾಯಿಲೆಯನ್ನು ತಾನೇ ಚಿತ್ರ ಬರೆದು ತೋರಿಸಿತ್ತು, ಅದೂ ಆಟ ಬಿಡಿಸುವ ಅದೇ ಕೋಶ, ಅದೇ ಶಾಯಿ, ಅದೇ ಕಾಗದದಲ್ಲಿ.

-5 ವೋಲ್ಟ್ ಹೋದಾಗ 12 ಉಳಿದರೆ 4116ಗಳು ಸಾಯುವುದು ಸಾಮಾನ್ಯ, ಎಂಟರಲ್ಲಿ ಒಂದೇ ಸತ್ತದ್ದು ನಮ್ಮ ಅದೃಷ್ಟ. ತೆಗೆಯುವಾಗ ಚಿಪ್ ಉಳಿಸುವ ಆಸೆ ಬೇಡ, ಬೋರ್ಡ್ ಉಳಿಸಿ. ಕಾಲುಗಳನ್ನು ಚಿಕ್ಕ ಕಟ್ಟರ್‌ನಲ್ಲಿ ಮೈಯ ಹತ್ತಿರ ಕತ್ತರಿಸಿ, ಒಂದೊಂದೇ ಕಾಲನ್ನು ಬಿಸಿ ಮಾಡಿ ಚಿಮಟದಲ್ಲಿ ಎತ್ತಿ, ತೂತುಗಳನ್ನು ಸೋಲ್ಡರ್ ಹೀರುವ ಪಂಪಿನಿಂದ ಸ್ವಚ್ಛ ಮಾಡಿ. ಈ ಬೋರ್ಡಿನ ಟ್ರ್ಯಾಕ್‌ಗಳು ಜಾಸ್ತಿ ಬಿಸಿ ತಾಳುವುದಿಲ್ಲ, ಸಿಪ್ಪೆಯಾಗಿ ಎದ್ದು ಬರುತ್ತವೆ. ಆಮೇಲೆ 16 ಪಿನ್ನಿನ ಸಾಕೆಟ್ ಹಾಕಿದೆ. 4116 ಸಿಗದಿದ್ದರೆ 4164 ಹಾಕಬಹುದು, ಅದಕ್ಕೆ 5 ವೋಲ್ಟ್ ಒಂದೇ ಸಾಕು. ಆದರೆ ನೇರವಾಗಿ ಚುಚ್ಚಬಾರದು, ಪಿನ್ 8ಕ್ಕೆ 12 ವೋಲ್ಟ್ ಹೋಗುತ್ತದೆ. ಪಿನ್ 8, 9 ಎರಡನ್ನೂ ಮೇಲಕ್ಕೆ ಬಗ್ಗಿಸಿ, 8ಕ್ಕೆ ಸಾಕೆಟ್‌ನ 9ರಿಂದ 5 ವೋಲ್ಟ್ ಕೊಟ್ಟು, ಚಿಪ್‌ನ 9 ಅನ್ನು ಗ್ರೌಂಡಿಗೆ, ಅಂದರೆ ಪಿನ್ 16ಕ್ಕೆ, ಸೇರಿಸಬೇಕು. ಪಿನ್ 1 ಒಳಗೆ ಎಲ್ಲಿಗೂ ಹೋಗದ ಮಾದರಿಯನ್ನೇ ನೋಡಿ ತೆಗೆದುಕೊಳ್ಳಿ. ನನಗೆ ಹಳೇ ಸ್ಟಾಕಿನ 4116 ಸಿಕ್ಕಿತು, ಅದನ್ನೇ ಹಾಕಿದೆ.

ಸ್ವಿಚ್. ಕಪ್ಪು, ತೆಳು ಕೆಂಪು ಗೆರೆ, ಬಿಳಿ. ಕೆಳಗೆ 1982 ಸಿಂಕ್ಲೇರ್ ರಿಸರ್ಚ್ ಅನ್ನುವ ಸಾಲು. ಹುಡುಗಿ ಚಪ್ಪಾಳೆ ಹೊಡೆದಳು. ನಾನು ಮಾವನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಟಿವಿ ಮುಂದೆ ಹಿಡಿದೆ.

ಮೇಲಿನ 32ಕೆ ಬದುಕಿದೆಯಾ ಅಂತ ನೋಡಲು ಒಂದು ಸಾಲು ಸಾಕು: ಪ್ರಿಂಟ್ ಪೀಕ್ 23732 + 256 * ಪೀಕ್ 23733. ಉತ್ತರ 65535 ಬಂದರೆ 48ಕೆ ಪೂರ್ತಿ ಇದೆ. 32767 ಬಂದರೆ ಮೇಲಿನ ಸಾಲು ಸತ್ತಿದೆ. ಅದನ್ನು ಟೈಪ್ ಮಾಡಲು ಕೂತಾಗ ಕೀಬೋರ್ಡಿನ ತೊಂದರೆ ಕಂಡಿತು. ಕ್ಯೂ, ಡಬ್ಲ್ಯೂ, ಇ, ಆರ್, ಟಿ ಐದೂ ಕೀಲಿ ಒತ್ತಿದರೆ ಸುಮ್ನೆ ಕೂತಿದ್ದವು.

ಇದೂ ಬೋರ್ಡಿನ ಮೇಲೆ ಬರೆದದ್ದೇ. ಸ್ಪೆಕ್ಟ್ರಮ್‌ನ ಮೂಲ 40 ಕೀಲಿಗಳನ್ನು 8 ಅರ್ಧ ಸಾಲು ಮಾಡಿದ್ದಾರೆ, ಒಂದೊಂದರಲ್ಲಿ 5. ಆ 8 ಗೆರೆಯ ರಿಬ್ಬನ್‌ನಲ್ಲಿ ಒಂದು ಗೆರೆ ಸೀಳಿದರೆ ಐದು ಕೀಲಿ ಒಟ್ಟಿಗೆ ಹೋಗುತ್ತವೆ. 5 ಗೆರೆಯದರಲ್ಲಿ ಒಂದು ಹೋದರೆ ಎಂಟು. ಅಂಟಿಸಿ, ತೇಪೆ ಹಾಕಿ ಪ್ರಯೋಜನ ಇಲ್ಲ. ಹೊಸ ಮೆಂಬ್ರೇನ್ (ರಿಬ್ಬನ್ ಸಮೇತ ಕೀಲಿಗಳ ಕೆಳಗೆ ಕೂರುವ ಪ್ಲಾಸ್ಟಿಕ್ ಹಾಳೆ) ಈಗಲೂ ಮಾಡುವವರಿದ್ದಾರೆ, ಪ್ಲಸ್ ಮಾದರಿಗೆ ಬೇರೆ, ರಬ್ಬರ್ ಕೀಲಿಯ ಮಾದರಿಗೆ ಬೇರೆ, ಸರಿಯಾಗಿ ನೋಡಿ ತರಿಸಿ. ಅದು ಬರುವ ತನಕ ನಾವು ಕಾಯಲಿಲ್ಲ. ಲೋಡ್ ಅನ್ನುವ ಪದ ಈ ಯಂತ್ರದಲ್ಲಿ ಜೆ ಕೀಲಿಯ ಮೇಲೆಯೇ ಇದೆ, ಒಂದು ಒತ್ತು ಒತ್ತಿದರೆ ಪೂರ್ತಿ ಪದ ಬರುತ್ತದೆ. ಜೆ ಬದುಕಿತ್ತು. ಉದ್ಧರಣ ಚಿಹ್ನೆಗೆ ಪ್ಲಸ್‌ನಲ್ಲಿ ಬೇರೆ ಕೀಲಿಯೇ ಇದೆ. ಎಂಟರ್.

ಇನ್ನು ಟೇಪ್ ರೆಕಾರ್ಡರ್. ಬೆಲ್ಟ್ ಕರಗಿ ಡಾಂಬರ್ ಆಗಿತ್ತು, ಅದು ಸುಲಭ, ಹೊಸ ಬೆಲ್ಟ್ ಸಿಗುತ್ತದೆ. ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರ್‌ನ ರಬ್ಬರ್ ಮಾತ್ರ ಕಲ್ಲಾಗಿತ್ತು. ಅದು ಸಮ ಇಲ್ಲದಿದ್ದರೆ ಟೇಪ್ ಓಡುವ ವೇಗ ಏರಿಳಿಯುತ್ತದೆ, ಹಾಡು ಕೇಳುವುದಕ್ಕೆ ನಡೆಯುತ್ತದೆ, ಡೇಟಾಗೆ ನಡೆಯುವುದಿಲ್ಲ. ಇಲ್ಲಿ ಬೆಳಗಾವಿಯಲ್ಲಿ ಇರುವ ಅನುಕೂಲ ಕೆಲಸಕ್ಕೆ ಬಂತು. ಉದ್ಯಮಬಾಗ್‌ನಲ್ಲಿ ಲೇತ್ ಇಟ್ಟುಕೊಂಡಿರುವ ಗೆಳೆಯನ ಹತ್ತಿರ ತೆಗೆದುಕೊಂಡು ಹೋದೆ. ಅವನು ದಿನವಿಡೀ ಹೈಡ್ರಾಲಿಕ್ ಪಂಪಿನ ಭಾಗ ತಿರುಗಿಸುವವನು. ಹಳೇ ರಬ್ಬರ್ ಕಿತ್ತು, ಹಿತ್ತಾಳೆ ಬುಷ್ ಮೇಲೆ ಹೊಸ ರಬ್ಬರ್ ಏರಿಸಿ, ಮೈಕ್ರೋಮೀಟರ್ ಹಿಡಿದು ಹಿಡಿದು ತಿಕ್ಕಿ ಸೈಜಿಗೆ ತಂದ. ದುಡ್ಡು ಕೇಳಿದರೆ "ಇಷ್ಟ ಸಣ್ಣ ಕೆಲಸ ನಾ ಎಂದೂ ಮಾಡಿಲ್ಲೋ, ಆಟ ಚಾಲೂ ಆದ್ರ ಕರಿ" ಅಂದ. ಆಮೇಲೆ ಹೆಡ್ ಪಕ್ಕದ ಚಿಕ್ಕ ಸ್ಕ್ರೂ ತಿರುಗಿಸಿ ಆಜಿಮತ್, ಅಂದರೆ ಟೇಪಿಗೆ ಹೆಡ್ ನಿಲ್ಲುವ ಕೋನ, ಸರಿ ಮಾಡಿದೆ. ಟೇಪ್ ಓಡಿಸಿ, ಶಬ್ದ ತೀರಾ ಚೂಪಾಗಿ ಕೇಳುವ ಜಾಗದಲ್ಲಿ ನಿಲ್ಲಿಸಬೇಕು. ಕಿವಿಯೇ ಮೀಟರ್.

ಟೇಪ್ ಇಲ್ಲದವರು ಫೋನಿನಿಂದಲೂ ಲೋಡ್ ಮಾಡಬಹುದು. ಆಟದ ಫೈಲನ್ನು ಶಬ್ದ ಮಾಡಿ ನುಡಿಸುವ ಆ್ಯಪ್‌ಗಳಿವೆ. 3.5 ಎಂಎಂ ಕೇಬಲ್ ಯಂತ್ರದ ಇಯರ್ ಸಾಕೆಟ್‌ಗೆ, ವಾಲ್ಯೂಮ್ ಪೂರ್ತಿ, ಫೋನ್ ಏರೋಪ್ಲೇನ್ ಮೋಡ್‌ನಲ್ಲಿ. ನಡುವೆ ಒಂದು ಮೆಸೇಜ್ ಟಿಂಗ್ ಅಂದರೂ ಲೋಡ್ ಹೋಯಿತು.

ಮಾವನ ಕ್ಯಾಸೆಟ್‌ಗಳಲ್ಲಿ ಕೆಲವಕ್ಕೆ ಬೂಸು ಹಿಡಿದಿತ್ತು. ಅವನ್ನು ಬದಿಗಿಟ್ಟು, ಬಾಲ್‌ಪೆನ್‌ನಲ್ಲಿ ಮ್ಯಾನಿಕ್ ಮೈನರ್ ಅಂತ ಬರೆದದ್ದನ್ನು ಹಾಕಿದೆ. ಮೊದಲು ಉದ್ದನೆಯ ಒಂದೇ ಸ್ವರ, ಐದು ಸೆಕೆಂಡ್, 807 ಹರ್ಟ್ಸ್. ಪರದೆಯ ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿ ಪಟ್ಟೆ ಮೆಲ್ಲಗೆ ಹರಿಯುತ್ತವೆ. ಆಮೇಲೆ ಡೇಟಾ ಬಂದಾಗ ಪಟ್ಟೆ ನೀಲಿ ಹಳದಿಗೆ ತಿರುಗಿ ಸಣ್ಣದಾಗಿ ಕುಣಿಯುತ್ತವೆ. ಒಂದು ಬಿಟ್ 0 ಆದರೆ ಚಿಕ್ಕ ಅಲೆ, 1 ಆದರೆ ಅದರ ಎರಡರಷ್ಟು ಉದ್ದದ ಅಲೆ. ನೀವು ಕೇಳುತ್ತಿರುವುದು, ನೋಡುತ್ತಿರುವುದು ಆಟದ ಬಿಟ್‌ಗಳನ್ನೇ.

ಎಷ್ಟೋ ಆಟಗಳಲ್ಲಿ ಮೊದಲು ಒಂದು ಚಿತ್ರ ಲೋಡ್ ಆಗುತ್ತದೆ. 6,144 ಬೈಟ್ ಚುಕ್ಕೆ ಬರಲು ಅರ್ಧ ನಿಮಿಷಕ್ಕೂ ಸ್ವಲ್ಪ ಜಾಸ್ತಿ. ಅದೂ ನೇರವಾಗಿ ಮೇಲಿಂದ ಕೆಳಗೆ ಬರುವುದಿಲ್ಲ. ಪರದೆಯನ್ನು ಮೂರು ಭಾಗ ಮಾಡಿ, ಒಂದು ಭಾಗದ ಎಂಟೂ ಕೋಶ ಸಾಲುಗಳ ಮೊದಲ ಗೆರೆ, ಆಮೇಲೆ ಎಲ್ಲದರ ಎರಡನೇ ಗೆರೆ, ಹೀಗೆ. ಅಕ್ಷರ ಬರೆಯುವಾಗ ವಿಳಾಸದ ಮೇಲಿನ ಬೈಟ್‌ಗೆ ಒಂದು ಕೂಡಿಸಿದರೆ ಕೋಶದ ಮುಂದಿನ ಗೆರೆಗೆ ಹೋಗಬಹುದು, ವೇಗ ಸಿಗುತ್ತದೆ, ಆ ಲೆಕ್ಕಕ್ಕೆ ಪರದೆಯನ್ನು ಹಾಗೆ ಜೋಡಿಸಿದ್ದು. ನೋಡುವವರಿಗೆ ಮಾತ್ರ ಕಪ್ಪು ಬಿಳುಪಿನಲ್ಲಿ ಒಂದು ಚಿತ್ರ ನೇಯ್ದ ಹಾಗೆ ಏಳುತ್ತದೆ, ಕೊನೆಗೆ 768 ಬೈಟ್ ಬಣ್ಣ ನಾಲ್ಕೇ ಸೆಕೆಂಡಿನಲ್ಲಿ ಸರಸರ ಇಳಿಯುತ್ತದೆ. ಎಮ್ಯುಲೇಟರ್‌ನಲ್ಲಿ ಹೆಚ್ಚಿನವರು ಬೇಗ ಲೋಡ್ ಆಗಲಿ ಅಂತ ಇದನ್ನು ಹಾರಿಸುತ್ತಾರೆ. ನನಗೆ ಅದು ನಷ್ಟ ಅನ್ನಿಸುತ್ತದೆ, ಆ ಚಿತ್ರ ಬರುವ ರೀತಿಯೂ ಆಟದ ಭಾಗವೇ.

ಮ್ಯಾನಿಕ್ ಮೈನರ್ 1983ರದ್ದು. ಮ್ಯಾಥ್ಯೂ ಸ್ಮಿತ್ ಅದನ್ನು ಬರೆದಾಗ ಅವನಿಗೆ 17 ವರ್ಷ. 20 ಗುಹೆ, ಪ್ರತಿ ಗುಹೆ ಒಂದೇ ಪರದೆ. ಬೀಗದ ಕೀಗಳನ್ನೆಲ್ಲ ಆರಿಸಿಕೊಂಡು, ಗಾಳಿ ಮುಗಿಯುವ ಮೊದಲು ಬಾಗಿಲು ಸೇರಬೇಕು. ಕೆಲವು ನೆಲ ನಿಂತರೆ ಕುಸಿಯುತ್ತದೆ, ಕೆಲವು ಎಳೆದುಕೊಂಡು ಹೋಗುತ್ತದೆ. ಹಾರಿದರೆ ಹಾರಿದ್ದೇ, ನಡುಗಾಳಿಯಲ್ಲಿ ದಿಕ್ಕು ಬದಲಿಸಲು ಆಗುವುದಿಲ್ಲ, ಹಾಗಾಗಿ ಹಾರುವ ಮೊದಲೇ ಎಲ್ಲಿ ಇಳಿಯಬೇಕು ಅಂತ ತೀರ್ಮಾನ ಆಗಿರಬೇಕು. ಒಂದೇ ಬಿಟ್‌ನ ಸ್ಪೀಕರ್‌ನಲ್ಲಿ ಆಟದ ನಡುವೆಯೇ ಸಂಗೀತ ನುಡಿಯುತ್ತದೆ, ಆಗ ಅದು ದೊಡ್ಡ ವಿಷಯ.

ಆದರೆ ನಾನು ಹೇಳಬೇಕೆಂದಿದ್ದ ಮುಖ್ಯ ಸಂಗತಿ ಬೇರೆ. ಆ ಆಟದಲ್ಲಿ ಒಂದು ಗುಹೆಗೆ 1,024 ಬೈಟ್. ಅದರಲ್ಲಿ ಮೊದಲ 512 ಬೈಟ್ ಗುಹೆಯ ನಕ್ಷೆ. 32 ಕೋಶ ಅಗಲ, 16 ಕೋಶ ಎತ್ತರ. ಆ ನಕ್ಷೆಯಲ್ಲಿ ಇರುವುದು ಬರೀ ಬಣ್ಣದ ಬೈಟ್‌ಗಳು. ಈ ಕೋಶದ ಬಣ್ಣ ಇದು, ಹಾಗಾದರೆ ಇದು ಗಟ್ಟಿ ನೆಲ. ಆ ಬಣ್ಣ ಆದರೆ ಕುಸಿಯುವ ನೆಲ. ಇನ್ನೊಂದು ಬಣ್ಣ ಆದರೆ ಮುಳ್ಳು, ಮುಟ್ಟಿದರೆ ಸಾವು. ಆಟದ ನಾಯಕ ಕಾಲಿಟ್ಟಾಗ ಪ್ರೋಗ್ರಾಂ ಕಾಲ ಕೆಳಗಿನ ಬಣ್ಣದ ಬೈಟ್ ಓದಿ ಏನಾಗಬೇಕು ಅಂತ ತೀರ್ಮಾನಿಸುತ್ತದೆ. ಅಂದರೆ ಈ ಆಟದಲ್ಲಿ ಬಣ್ಣ ಅಲಂಕಾರಕ್ಕೆ ಹಾಕಿದ್ದಲ್ಲ, ಬಣ್ಣವೇ ನೆಲ, ಬಣ್ಣವೇ ಮುಳ್ಳು. ಕೋಶಕ್ಕೆ ಎರಡೇ ಬಣ್ಣ ಅನ್ನುವ ಕಟ್ಟುಪಾಡು ಹಾಕಿದ್ದು ರ‍್ಯಾಮ್ ಉಳಿಸುವುದಕ್ಕೆ. ಒಬ್ಬ ಹುಡುಗ ಅದರ ಮೇಲೆ ಇಡೀ ಆಟದ ನಿಯಮ ಕಟ್ಟಿದ. ನನ್ನ ಯಂತ್ರದಲ್ಲಿ ಬಿಟ್ 5 ಕೆಟ್ಟಾಗ ಹಾಳಾದದ್ದು ಇದೇ ಬೈಟ್‌ಗಳು. ಚಿಪ್ ಬದಲಿಸಿದ ಮೇಲೆ ಮೊದಲ ಗುಹೆ ಬಂದಾಗ ಆ ಕೆಂಪು ನೆಲವನ್ನು ನಾನು ಬೇರೆಯೇ ಕಣ್ಣಿನಲ್ಲಿ ನೋಡಿದೆ.

ಬೇರೆ ಆಟಗಳು ಇದೇ ಕಟ್ಟುಪಾಡಿಗೆ ಬೇರೆ ಉತ್ತರ ಕೊಟ್ಟವು. ಅದೇ 1983ರ ಜೆಟ್‌ಪ್ಯಾಕ್ 16ಕೆಯಲ್ಲಿ ಓಡುತ್ತದೆ, ಒಂದೇ ಕೋಶದಲ್ಲಿ ಬಣ್ಣ ಬಣ್ಣ ಡಿಕ್ಕಿ ಹೊಡೆದರೂ ಅದು ಲೆಕ್ಕಿಸುವುದಿಲ್ಲ, ಅಷ್ಟು ವೇಗ. 1984ರ ನೈಟ್ ಲೋರ್ ಒಂದು ಕೋಣೆಗೆ ಒಂದೇ ಬಣ್ಣ, ಹಿಂದೆ ಕಪ್ಪು. ಡಿಕ್ಕಿಯ ಮಾತೇ ಇಲ್ಲ. ಅದಕ್ಕೇ ಓರೆಯಾಗಿ ನಿಂತ ಆ ಕಲ್ಲುಗಳು, ಗೋಡೆಗಳು ಅಷ್ಟು ಸ್ಪಷ್ಟವಾಗಿ, ಮುಟ್ಟಬಹುದು ಅನ್ನುವ ಹಾಗೆ ಕಾಣುತ್ತವೆ. ನೆನಪಿನಲ್ಲಿ ಈ ಆಟಗಳು ಒಂದೊಂದೂ ಬೇರೆ ಬೇರೆ ಮುಖ ಇಟ್ಟುಕೊಂಡು ಉಳಿದಿರುವುದು ಇದರಿಂದಲೇ ಅಂತ ನನಗೆ ಖಾತ್ರಿ.

ಅಂದ ಹಾಗೆ ಕ್ಯೂ ಸಾಲು ಸತ್ತಿದ್ದರೂ ನಾವು ಮ್ಯಾನಿಕ್ ಮೈನರ್ ಆಡಿದೆವು. ಆ ಆಟದಲ್ಲಿ ಮೇಲಿನ ಅಕ್ಷರ ಸಾಲಿನ ಕೀಲಿಗಳು ಒಂದು ಬಿಟ್ಟು ಒಂದು ಎಡ, ಬಲ. ಕ್ಯೂ ಎಡ, ಡಬ್ಲ್ಯೂ ಬಲ, ಹೀಗೇ ಕೊನೆಗೆ ಓ ಎಡ, ಪಿ ಬಲ. ಹಾರುವುದಕ್ಕೆ ಕೆಳಗಿನ ಸಾಲಿನಲ್ಲಿ ಯಾವುದಾದರೂ ಸರಿ. ಒಂದು ಕಡೆ ಕೀಲಿ ಹೋದರೆ ಇನ್ನೊಂದು ಕಡೆ ಇದೆ. ಉದ್ಯಮಬಾಗ್ ಗೆಳೆಯ ಸಂಜೆ ಬಂದು, ಜಿಡ್ಡು ಕೈ ತೊಳೆದುಕೊಂಡು, ಮೂರನೇ ಗುಹೆವರೆಗೆ ಹೋದ.

ಮೆಂಬ್ರೇನ್ ಬಂದ ಮೇಲೆ ಪೀಕ್ ಸಾಲು ಟೈಪ್ ಮಾಡಿದೆ, 65535 ಬಂತು. ಆಗಿನಿಂದ ಕೀಬೋರ್ಡ್ ಹುಡುಗಿಯ ಕೈಯಲ್ಲಿದೆ. ಸ್ಪೆಕ್ಟ್ರಮ್‌ನಲ್ಲಿ ನಮ್ಮದೇ ಚಿತ್ರದ ಅಕ್ಷರ ಮಾಡಲು 21 ಜಾಗ ಇದೆ, 65368ನೇ ವಿಳಾಸದಿಂದ, ಒಂದೊಂದಕ್ಕೆ 8 ಬೈಟ್. ಅವಳು ಅದರಲ್ಲಿ ಕನ್ನಡ ಬರೆಯಲು ಕೂತಳು. 8 ಚುಕ್ಕೆ ಚೌಕದಲ್ಲಿ ಗ, ರ, ಳ ಕೂರುತ್ತವೆ. ತಲೆಕಟ್ಟಿಗೆ ಒಂದು ಗೆರೆ ಕೊಟ್ಟರೆ ಹೊಟ್ಟೆಗೆ ಏಳೇ ಉಳಿಯುತ್ತವೆ, ದ ಮತ್ತು ಧ ಒಂದೇ ಥರ ಕಾಣುತ್ತವೆ. ಒತ್ತಕ್ಷರಕ್ಕೆ ಕೆಳಗಿನ ಕೋಶ ಬೇಕು, ದೀರ್ಘಕ್ಕೆ ಪಕ್ಕದ ಕೋಶ. 21ರಲ್ಲಿ ಇಡೀ ವರ್ಣಮಾಲೆ ಆಗುವುದಿಲ್ಲ, ಆದ್ದರಿಂದ ಬೇಕಾದ ಪದಕ್ಕೆ ಬೇಕಾದ ಕೋಶ ಮಾತ್ರ ಮಾಡಬೇಕು. ಬೆಳಗಾವಿ ಅಂತ ಬರೆಯಲು ಗಾ ಒಂದಕ್ಕೆ ಎರಡು ಕೋಶ, ಒಟ್ಟು ಐದು ಹಿಡಿಯಿತು. ಹಳದಿ ಕಾಗದ, ಕೆಂಪು ಶಾಯಿ. ಪ್ರೋಗ್ರಾಂ ಅನ್ನು ಹೊಸ ಕ್ಯಾಸೆಟ್‌ಗೆ ಸೇವ್ ಮಾಡಿ, ಹಿಂದಕ್ಕೆ ಸುತ್ತಿ, ವೆರಿಫೈ ಕೊಟ್ಟೆವು. ಓಕೆ ಬಂತು. ಈಗ ಅವಳು ಬೆಳಗಾವಿ ಕೋಟೆಯ ಬಾಗಿಲನ್ನು ಕೋಶಗಳಲ್ಲಿ ಬಿಡಿಸುತ್ತಿದ್ದಾಳೆ, ಗುಹೆಯ ಹಾಗೆ ಅದನ್ನೂ ಬಣ್ಣದ ಬೈಟ್‌ಗಳಲ್ಲೇ ಕಟ್ಟಬೇಕು ಅಂತ ಅವಳ ಲೆಕ್ಕ.